ಎಂಡೋಟಾಕ್ಸಿನ್‌ಗೆ ಸಾಯದ ಇಲಿಯ ಕರುಳು ಏಕೆ ಬೇಗ ಹುಣ್ಣಾಗುತ್ತದೆ?

ಕೊಣಾಜೆಯ ಸಂಶೋಧನಾ ವಿದ್ಯಾರ್ಥಿನಿ
ಎಲ್ಲರಿಗೂ ನಮಸ್ಕಾರ. ನಂಜಿನ ಆಘಾತದಲ್ಲಿ ಕರುಳಿಗಾಗುವ ಹಾನಿಯ ಕುರಿತು ನಾನು ಸೆಮಿನಾರ್ ಕೊಡಬೇಕಾಗಿದೆ. ಸಿ3ಎಚ್/ಎಚ್‌ಇಜೆ ತಳಿಯ ಇಲಿಗಳು, ಬೇರೆ ತಳಿಗಳನ್ನು ಕೊಲ್ಲುವಷ್ಟು ಎಂಡೋಟಾಕ್ಸಿನ್ (ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ವಿಷ) ಚುಚ್ಚಿದರೂ ಬದುಕುಳಿಯುತ್ತವೆ. ಆದರೆ ಕುಡಿಯುವ ನೀರಿನಲ್ಲಿ ಡಿಎಸ್‌ಎಸ್ (ಕರುಳಿನ ಒಳಪೊರೆಗೆ ಗಾಯ ಮಾಡುವ ರಾಸಾಯನಿಕ) ಬೆರೆಸಿದರೆ ಅವುಗಳ ದೊಡ್ಡಕರುಳು ಬೇಗನೆ ಹುಣ್ಣಾಗುತ್ತದೆ, ಸಾಲ್ಮೊನೆಲ್ಲಾ ಸೋಂಕಿಗೂ ಸುಲಭವಾಗಿ ಬಲಿಯಾಗುತ್ತವೆ. ಉರಿಯೂತವನ್ನು ತಾಳಿಕೊಳ್ಳುವ ಶಕ್ತಿ ಇದ್ದ ಮೇಲೆ ಅದು ಕರುಳನ್ನೂ ಕಾಯಬೇಕಲ್ಲವೇ?

ಮಣಿಪಾಲದ ಅಧ್ಯಾಪಕ
ಆ ಇಲಿಗೆ ತಾಳಿಕೊಳ್ಳುವ ಶಕ್ತಿಯೇನೂ ಹೆಚ್ಚಿಲ್ಲ. ಎಂಡೋಟಾಕ್ಸಿನ್ ಬಂದದ್ದೇ ಅದಕ್ಕೆ ಗೊತ್ತಾಗುವುದಿಲ್ಲ. ಎಂಡೋಟಾಕ್ಸಿನ್ ಗುರುತಿಸುವ ಗ್ರಾಹಿಯಾದ ಟಿಎಲ್‌ಆರ್4 ಪ್ರೋಟೀನಿನ 712ನೆಯ ಸ್ಥಾನದಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಅದಕ್ಕೆ ಹಿಸ್ಟಿಡಿನ್ ಇದೆ. 1998ರಲ್ಲಿ ಇದನ್ನು ಕಂಡುಹಿಡಿದ ತಂಡದ ಬ್ರೂಸ್ ಬ್ಯೂಟ್ಲರ್ ಅವರು 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಸಂಕೇತ ಒಳಗೆ ದಾಟದ ಕಾರಣ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಪ್ರೋಟೀನು ಏರುವುದಿಲ್ಲ, ಆಘಾತವೂ ಆಗುವುದಿಲ್ಲ. ಆದರೆ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಿಂದ ಇದೇ ಗ್ರಾಹಿಯ ಮೂಲಕ ಸದಾ ಬರುವ ಮೆಲ್ಲನೆಯ ಸಂಕೇತವು ಒಳಪೊರೆಯ ಗಾಯ ಮಾಯಲು ಬೇಕೇ ಬೇಕು. ಅದಿಲ್ಲದಾಗ ಡಿಎಸ್‌ಎಸ್ ಮಾಡಿದ ಗಾಯ ಮಾಯದೆ ಉಳಿಯುತ್ತದೆ. ಸಾಲ್ಮೊನೆಲ್ಲಾ ಕೂಡ ಸಕಾಲದಲ್ಲಿ ಪತ್ತೆಯಾಗದೆ ಬೆಳೆಯುತ್ತದೆ.

ಎಸ್‌ಪಿಆರ್‌ಇಟಿ/ಇಐ ತಳಿಯನ್ನು ಹೋಲಿಸಿ ನೋಡಿ. ಅದು ಎಂಡೋಟಾಕ್ಸಿನ್ನನ್ನಷ್ಟೇ ಅಲ್ಲ, ನೇರವಾಗಿ ಚುಚ್ಚಿದ ಟಿಎನ್‌ಎಫ್ಅನ್ನೂ ತಡೆದುಕೊಳ್ಳುತ್ತದೆ. ಅದರಲ್ಲಿ ಉರಿಯೂತ ತಗ್ಗಿಸುವ ಹಾರ್ಮೋನಾದ ಗ್ಲುಕೋಕಾರ್ಟಿಕಾಯ್ಡ್‌ನ ಗ್ರಾಹಿಯ ಚಟುವಟಿಕೆ ಹೆಚ್ಚು. ತಾಳಿಕೆ ಎಂಬ ಮಾತು ನನ್ನ ಪ್ರಕಾರ ಅದಕ್ಕೆ ಸಲ್ಲಬೇಕು.

ದೇರಳಕಟ್ಟೆ, ಪ್ರಾಣಿಗೃಹದ ಉಸ್ತುವಾರಿ
ಸರ್ ಹೇಳಿದ್ದು ಸರಿ. 129 ತಳಿಯನ್ನೂ ಸೆಮಿನಾರಿನಲ್ಲಿ ಸೇರಿಸಿಕೊಳ್ಳಿ, ಮೇಡಂ. ಕ್ಯಾಸ್ಪೇಸ್-1 ಎಂಬ ಉರಿಯೂತದ ಕಿಣ್ವ ಇಲ್ಲದ ಇಲಿಗಳು ಎಂಡೋಟಾಕ್ಸಿನ್‌ಗೆ ಸಾಯುವುದಿಲ್ಲವೆಂದು ವರ್ಷಗಟ್ಟಲೆ ನಂಬಲಾಗಿತ್ತು. ಅವನ್ನು ರೂಪಿಸಿದ್ದು 129 ತಳಿಯ ಜೀವಕೋಶಗಳಿಂದ. ಆ ತಳಿಯಲ್ಲಿ ಪಕ್ಕದ ಕ್ಯಾಸ್ಪೇಸ್-11 ಜೀನೇ ಕೆಟ್ಟಿರುವುದರಿಂದ ಇಲಿಗಳು ಬದುಕುತ್ತಿದ್ದವು ಎಂಬುದು 2011ರಲ್ಲಿ ಬಯಲಾಯಿತು.

ಪ್ರಯೋಗ ಮಾಡುವುದಾದರೆ ತಳಿಯ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ. ಸಿ3ಎಚ್/ಎಚ್‌ಇಎನ್‌ನಲ್ಲಿ ಟಿಎಲ್‌ಆರ್4 ಸರಿಯಾಗಿದೆ. ಎಂಡೋಟಾಕ್ಸಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಅವು ರೋಮ ನಿಮಿರಿಸಿ, ಬೆನ್ನು ಬಾಗಿಸಿ, ಪಂಜರದ ಮೂಲೆಯ ಭತ್ತದ ಹೊಟ್ಟಿನಲ್ಲಿ ಮುದುಡುತ್ತವೆ, ಹಿಕ್ಕೆ ನೀರಾಗುತ್ತದೆ. ಎಚ್‌ಇಜೆ ಇಲಿಗಳು ಎಂದಿನಂತೆ ಆಹಾರ ಕಡಿಯುತ್ತಿರುತ್ತವೆ.

ಕೊಣಾಜೆಯ ಸಂಶೋಧನಾ ವಿದ್ಯಾರ್ಥಿನಿ
ಇಬ್ಬರಿಗೂ ಧನ್ಯವಾದಗಳು. ಎಚ್‌ಇಜೆ ಇಲಿಗಳೂ ಕೆಲವೊಮ್ಮೆ ಪ್ರತಿಕ್ರಿಯಿಸುವುದುಂಟೇ?

ಮಣಿಪಾಲದ ಅಧ್ಯಾಪಕ
ಎಂಡೋಟಾಕ್ಸಿನ್ ಶುದ್ಧವಾಗಿಲ್ಲದಿದ್ದರೆ ಉಂಟು. ಅದರಲ್ಲಿ ಬೆರೆತಿರುವ ಲಿಪೊಪ್ರೋಟೀನ್‌ಗಳು ಟಿಎಲ್‌ಆರ್2 ಎಂಬ ಇನ್ನೊಂದು ಗ್ರಾಹಿಯ ಮೂಲಕ ಸಂಕೇತ ಕಳುಹಿಸುತ್ತವೆ. ಫೀನಾಲ್‌ನಿಂದ ಮರುಶುದ್ಧೀಕರಿಸಿದ್ದನ್ನೇ ತರಿಸಿಕೊಳ್ಳಿ.