ಮಗನ ಅಂಜಿಕೆ ಹುಟ್ಟಿನಿಂದ ಬಂದದ್ದಾ, ನಾನು ಬೆಳೆಸಿದ ರೀತಿಯಿಂದಾ?

ಶಿರಸಿಯ ತಾಯಿ:
ಮಗನಿಗೆ ಐದು ವರ್ಷ. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾನೆ, ಕರೆದರೆ ನನ್ನ ಸೆರಗು ಕಚ್ಚಿಕೊಂಡು ಅಳುತ್ತಾನೆ. ಮಾರಿಕಾಂಬಾ ಜಾತ್ರೆಯಲ್ಲಿ ಅವನ ಅಕ್ಕ ತೊಟ್ಟಿಲು ಹತ್ತಿ ಕೇಕೆ ಹಾಕುತ್ತಿದ್ದರೆ ಇವನು ಎರಡೂ ಕಿವಿ ಮುಚ್ಚಿಕೊಂಡು "ಮನೆಗೆ ಹೋಗೋಣ" ಅಂತ ಒಂದೇ ಸಮನೆ ಅತ್ತ. ಇಬ್ಬರಿಗೂ ಒಂದೇ ಮನೆ, ಒಂದೇ ಊಟ, ಅದೇ ಅಂಗನವಾಡಿ. ಅತ್ತೆ "ಇವನ ಅಪ್ಪನೂ ಹೀಗೇ ಇದ್ದ, ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ" ಅನ್ನುತ್ತಾರೆ. ತಂಗಿ "ನೀನೇ ಸೊಂಟದಿಂದ ಇಳಿಸದೆ ಹೀಗೆ ಮಾಡಿದ್ದು" ಅಂತಾಳೆ. ಆ ಮಾತು ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ನಿಜಕ್ಕೂ ಯಾವುದು?

ಕಾರವಾರದಿಂದ, ಮನಃಶಾಸ್ತ್ರದ ಮೇಷ್ಟ್ರು:
ಅಕ್ಕಾ, ಮೊದಲು ನಿದ್ದೆ ಮಾಡಿ. ಹಾರ್ವರ್ಡ್‌ನಲ್ಲಿ ಜೆರೋಮ್ ಕೇಗನ್ ಅನ್ನುವವರು ನಾಲ್ಕು ತಿಂಗಳ ಕೂಸುಗಳ ಮುಂದೆ ಬಣ್ಣದ ಆಟಿಕೆ ಆಡಿಸಿ, ಹೊಸ ದನಿ ಕೇಳಿಸಿ ನೋಡಿದರು. 100ರಲ್ಲಿ ಸುಮಾರು 20 ಕೂಸುಗಳು ಕೈಕಾಲು ಬಡಿದು, ಬೆನ್ನು ಸೆಟೆಸಿ ಅತ್ತವು. ಅಷ್ಟು ಸಣ್ಣ ಕೂಸಿಗೆ ಯಾವ ತಾಯಿ ಅಂಜಿಕೆ ಕಲಿಸಿರುತ್ತಾಳೆ? ಮುಂದೆ ಹೊಸಬರನ್ನು ಕಂಡರೆ ಹಿಂಜರಿದದ್ದೂ ಈ ಮಕ್ಕಳೇ ಜಾಸ್ತಿ. ಆದರೆ ಎಲ್ಲರೂ ಹಾಗೇ ಉಳಿಯಲಿಲ್ಲ. ಅತ್ತಾಗೆಲ್ಲ ಓಡಿಬಂದು ಎತ್ತಿಕೊಂಡ ಮನೆಗಳಲ್ಲಿ ಅಂಜಿಕೆ ಹೆಚ್ಚು ಉಳಿಯಿತು, ಸ್ವಲ್ಪ ತಾಳಿಕೊಂಡು ಮೆಲ್ಲಗೆ ಹೊಸತಿಗೆ ಒಗ್ಗಿಸಿದ ಕಡೆ ಕಡಿಮೆಯಾಯಿತು. ಹಾಗಾಗಿ ತಂಗಿ ಮಾತಲ್ಲೂ ಒಂಚೂರು ನಿಜ ಇದೆ, ಬೇಜಾರಾಗಬೇಡಿ.

ಕುಮಟಾದವ:
ನಾನೂ ಬಾಗಿಲ ಹಿಂದಿನ ಹುಡುಗನೇ. ಅಜ್ಜ ನನ್ನನ್ನು ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗಿ, ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಸುಮ್ನೆ ಕೂರಿಸುತ್ತಿದ್ದ. ಒಂದು ವರ್ಷ ಬರೀ ಬಣ್ಣ ಹಚ್ಚುವುದನ್ನು ನೋಡಿದೆ, ಆಮೇಲೆ ಗೆಜ್ಜೆ ಎತ್ತಿಕೊಟ್ಟೆ, ಮತ್ತೆ ಪರದೆ ಹಿಡಿದೆ, ಮೂರನೇ ಮಳೆಗಾಲ ಕಳೆದ ಮೇಲೆ ಬಾಲಗೋಪಾಲನ ವೇಷ. ಯಾರೂ ರಂಗಕ್ಕೆ ನೂಕಲಿಲ್ಲ. ಇವತ್ತೂ ಚಂಡೆ ಶುರುವಾದರೆ ಹೊಟ್ಟೆಯೊಳಗೆ ನಡುಕ ಬರುತ್ತದೆ, ಆದರೆ ಕುಣಿಯುತ್ತೇನೆ.

ಅಂಕೋಲಾದಿಂದ:
ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ಲೆಕ್ಕ ಹಾಕಿದಾಗ ಮನುಷ್ಯರ ಗುಣಲಕ್ಷಣಗಳಲ್ಲಿ ವಂಶದ ಪಾಲು ಸರಾಸರಿ 49% ಬಂತಲ್ಲ? ಅಂದರೆ ಅರ್ಧ ಹಣೆಬರಹ ಅಂತಲೇ ಆಯಿತು.

ಕಾರವಾರದಿಂದ, ಮನಃಶಾಸ್ತ್ರದ ಮೇಷ್ಟ್ರು:
ಅಲ್ಲ, ಇಲ್ಲೇ ತುಂಬಾ ಜನ ಎಡವುವುದು. ಆ 49% ಜನರ ನಡುವಿನ ವ್ಯತ್ಯಾಸದ ಲೆಕ್ಕ, ಒಂದು ಮಗುವನ್ನು ಕೊಯ್ದು ಎರಡು ಪಾಲು ಮಾಡಿದ್ದಲ್ಲ. ಅಡಿಕೆ ತೋಟ ನೋಡಿ. ಎಲ್ಲ ಗಿಡಕ್ಕೂ ಸಮನಾಗಿ ನೀರು, ಗೊಬ್ಬರ, ಬೆಟ್ಟದ ಸೊಪ್ಪು ಸಿಕ್ಕಿದರೆ ಗಿಡಗಿಡಕ್ಕೆ ಕಾಣುವ ವ್ಯತ್ಯಾಸ ಹೆಚ್ಚಿನದು ಗೋಟಿನದು, ಅಂದರೆ ಬಿತ್ತಿದ ಬೀಜದ್ದು. ಅರ್ಧ ತೋಟಕ್ಕೆ ನೀರೇ ಇಲ್ಲದಿದ್ದರೆ? ಅದೇ ಗೋಟು, ಆದರೆ ಅದರ ಪಾಲು ಲೆಕ್ಕದಲ್ಲಿ ಇಳಿದುಬಿಡುತ್ತದೆ.

ಶಿರಸಿಯ ತಾಯಿ:
ಎಲ್ಲರಿಗೂ ಧನ್ಯವಾದ. ಕುಮಟಾದ ತಮ್ಮಾ, ನಿಮ್ಮ ಅಜ್ಜನ ಮಾತು ಓದಿ ಕಣ್ಣು ತುಂಬಿತು. ನಾಳೆ ಇವನನ್ನು ಹಾಲಿನ ಡೈರಿಗೆ ಕರೆದುಕೊಂಡು ಹೋಗುತ್ತೇನೆ, ಬೆಳಿಗ್ಗೆ ಅಲ್ಲಿ ನಾಲ್ಕೇ ಜನ ಇರುತ್ತಾರೆ. ಸಣ್ಣ ಕ್ಯಾನ್ ಅವನ ಕೈಯಲ್ಲೇ ಇರಲಿ.