ಮಗಳ ರಿಸರ್ಚ್ ಪೇಪರ್ ಒಂದು ಕಡೆ 41, ಇನ್ನೊಂದು ಕಡೆ 33. ಎಂಟು ಎಲ್ಲಿ ಹೋಯಿತು?

ರೊಬಸ್ಟಾ ಅಪ್ಪ (ಸಿದ್ದಾಪುರ):

ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಮಗಳು ಖಗೋಳ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿ ಈಗ ಹೊರದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ರಿಸರ್ಚ್ ಕೆಲಸ) ಮಾಡುತ್ತಿದ್ದಾಳೆ. ಪಕ್ಕದ ನಕ್ಷತ್ರದಿಂದ ಗ್ಯಾಸ್ ಎಳೆದುಕೊಳ್ಳುವ ಕಪ್ಪು ಕುಳಿಗಳಿಂದ ಬರುವ ಎಕ್ಸ್‌ರೇ ನೋಡುವುದು ಅವಳ ಕೆಲಸ. ನನಗೆ ಅರ್ಥ ಆಗಿದ್ದು ಇಷ್ಟೇ.

ಹುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನನ್ನ ತಮ್ಮನ ಮಗ ಡಾಕ್ಟರ್, ರಿಸರ್ಚೂ ಮಾಡುತ್ತಾನೆ. ಅವನ ಎಚ್-ಇಂಡೆಕ್ಸ್, ಅಂದರೆ ರಿಸರ್ಚ್ ಮಾಡುವವರನ್ನು ಅಳೆಯುವ ಒಂದು ನಂಬರ್, 31 ಅಂತೆ. "ಅಕ್ಕಂದು ಎಷ್ಟು ದೊಡ್ಡಪ್ಪ?" ಅಂದ. ನಾನು ತಂಬಿಟ್ಟು ಹಾಕಿಸಿಕೊಳ್ಳುವ ನೆಪದಲ್ಲಿ ಎದ್ದುಹೋದೆ.

ಮನೆಗೆ ಬಂದು ಹುಡುಕಿದೆ. ಗೂಗಲ್ ಸ್ಕಾಲರ್‌ನಲ್ಲಿ 41 ಪೇಪರ್, ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಅವಳ ಪೇಪರ್‌ಗಳ ಉಲ್ಲೇಖ) 4,600ರ ಮೇಲೆ, ಎಚ್-ಇಂಡೆಕ್ಸ್ 19. ಖಗೋಳದ ಪೇಪರ್ ಹುಡುಕಲು ನಾಸಾದ ಎಡಿಎಸ್ ಅಂತ ಇನ್ನೊಂದು ತಾಣ ಇದೆ, ಅಲ್ಲಿ ಹೆಸರು ಹೊಡೆದರೆ 33 ಪೇಪರ್, ಎಚ್ 16. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಮಳೆ ಲೆಕ್ಕ ಬರೆದಿಟ್ಟಿದ್ದೇವೆ, ಇಂಚು ಸೆಂಟ್ ಸಮೇತ. ಲೆಕ್ಕ ತಾಳೆ ಆಗದಿದ್ದರೆ ನನಗೆ ನಿದ್ದೆ ಬರಲ್ಲ. ಮಗಳನ್ನು ಕೇಳಿದರೆ "ಅಪ್ಪಾ, ಸುಮ್ನಿರಿ" ಅಂತಾಳೆ. ಮತ್ತೆ, 19 ಅಂದರೆ ಒಳ್ಳೆಯದಾ, ಕಡಿಮೆಯಾ?

ಹಾರಂಗಿ ಹುಡುಗಿ:

ಅಂಕಲ್, ನಾನೂ ಇದೇ ಲೈನ್‌ನವಳು, ಮನೆ ಕುಶಾಲನಗರ. ಮೊದಲು ಇದು ಹೇಳಿ. ಮಗಳ ಹೆಸರಲ್ಲಿ ಮನೆ ಹೆಸರು ಮುಂದೆ ಇದೆಯಾ? ಕೊನೆಗೆ ನಿಮ್ಮ ಹೆಸರು ಇದೆಯಾ?

ರೊಬಸ್ಟಾ ಅಪ್ಪ:

ಹೌದು. ಪಾಸ್‌ಪೋರ್ಟ್‌ನಲ್ಲೂ ಹಾಗೇ ಇದೆ.

ಹಾರಂಗಿ ಹುಡುಗಿ:

ಹಾಗಾದರೆ ಕಳ್ಳ ಸಿಕ್ಕ. ಹೊರಗಿನವರಿಗೆ ಕೊನೆಯ ಹೆಸರೇ ಸರ್‌ನೇಮ್. ನಮ್ಮಲ್ಲಿ ಮನೆ ಹೆಸರು ಮೊದಲು ಬರುತ್ತೆ ಅಂತ ಅವರಿಗೇನು ಗೊತ್ತು? ಕೆಲವು ಪೇಪರ್‌ನಲ್ಲಿ ಅವಳು ಮನೆ ಹೆಸರನ್ನು ಸರ್‌ನೇಮ್ ಮಾಡಿರುತ್ತಾಳೆ, ಕೆಲವದರಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿರುತ್ತೆ. ಸ್ಕಾಲರ್‌ನಲ್ಲಿ ಅವಳೇ ಪ್ರೊಫೈಲ್ ಮಾಡಿ ಎರಡನ್ನೂ ಸೇರಿಸಿಕೊಂಡಿದ್ದಾಳೆ. ಎಡಿಎಸ್‌ನಲ್ಲಿ ನೀವು ಒಂದೇ ಹೆಸರು ಹೊಡೆದಿದ್ದೀರಿ. ಎರಡೂ ಹೊಡೆದು ನೋಡಿ. ಆರ್ಕಿಡ್ ಅಂತ 16 ಅಂಕಿಯ ನಂಬರ್ ಇದೆ (ನಮ್ಮ ಕಾಡಿನ ಆರ್ಕಿಡ್ ಅಲ್ಲ!). ಹೆಸರು ಹೇಗೇ ಬರೆದಿರಲಿ, ಆ ನಂಬರ್‌ಗೆ ಪೇಪರ್ ಜೋಡಿಸಿದರೆ ಎಲ್ಲ ಒಂದೇ ಕಡೆ ಬರುತ್ತೆ.

ಇನ್ನು 19ರ ವಿಷಯ. ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕೆಳಗೆ ಸಾಲಾಗಿ ಇಡಿ. 19ನೆಯದಕ್ಕೆ ಕನಿಷ್ಠ 19 ಸೈಟೇಶನ್ ಇದೆ, 20ನೆಯದಕ್ಕೆ 20 ಇಲ್ಲ. ಅಷ್ಟೇ. ಹಿರ್ಶ್ ಅನ್ನುವ ಅಮೆರಿಕದ ಭೌತವಿಜ್ಞಾನಿ 2005ರಲ್ಲಿ ಇದನ್ನು ತಂದರು. ದೊಡ್ಡ ಯೂನಿವರ್ಸಿಟಿಯಲ್ಲಿ ಭೌತವಿಜ್ಞಾನದವರ ಕೆಲಸ ಕಾಯಂ ಆಗಲು ಸುಮಾರು 12, ಫುಲ್ ಪ್ರೊಫೆಸರ್ ಆಗಲು ಸುಮಾರು 18 ಅಂತ ಅವರೇ ಬರೆದಿದ್ದರು. ಆ ಲೆಕ್ಕದಲ್ಲಿ ನಿಮ್ಮ ಮಗಳು ಫುಲ್ ಪ್ರೊಫೆಸರ್ ದಾಟಿದಳು. ಆದರೂ ಇನ್ನೂ ಪೋಸ್ಟ್‌ಡಾಕ್, ನನ್ನ ಹಾಗೇ. ಈಗ ದೊಡ್ಡ ದೊಡ್ಡ ಗುಂಪುಗಳ ಪೇಪರ್ ಬಂದು ಎಲ್ಲರ ನಂಬರೂ ಉಬ್ಬಿದೆ. ಡಾಕ್ಟರ್‌ಗಳ ಜೊತೆ ಹೋಲಿಸಲೇಬೇಡಿ. ಜೀವವಿಜ್ಞಾನದಲ್ಲಿ ಎಚ್ ಮೊದಲಿಂದಲೂ ಜಾಸ್ತಿ, ಹಿರ್ಶ್ ಕೂಡ ಇದನ್ನು ಹೇಳಿದ್ದರು.

4,600ರಲ್ಲಿ ಒಂದೇ ಪೇಪರ್‌ಗೆ ತುಂಬಾ ಇರಬೇಕು. 2017ರದ್ದು ಯಾವುದಾದರೂ ಇದೆಯಾ?

ರೊಬಸ್ಟಾ ಅಪ್ಪ:

ಇದೆ. ಅದೊಂದಕ್ಕೇ ಮೂರು ಸಾವಿರದ ಮೇಲೆ. ನಿಮಗೆ ಹೇಗೆ ಗೊತ್ತಾಯಿತು?

ಹಾರಂಗಿ ಹುಡುಗಿ:

ಎಕ್ಸ್‌ರೇ ಅಂದಿರಲ್ಲ, ಎಕ್ಸ್‌ರೇಯನ್ನೂ ನೋಡುವ ಇಸ್ರೋ ಉಪಗ್ರಹ ಆಸ್ಟ್ರೋಸ್ಯಾಟ್‌ನ ತಂಡದಲ್ಲಿ ಇದ್ದಿರಬೇಕು ಅಂದುಕೊಂಡೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡೆದದ್ದು ಗೊತ್ತಾಯಿತು. ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ. ಗುರುತ್ವ ಅಲೆಯೂ (ಡಿಕ್ಕಿಯಿಂದ ದೇಶಕಾಲವೇ ಅಲುಗಿ ಹಬ್ಬುವ ಕಂಪನ) ಬಂತು, ಬೆಳಕೂ ಬಂತು. ನೋಡಿದವರೆಲ್ಲ ಸೇರಿ ಒಂದು ಪೇಪರ್ ಬರೆದರು, ಹೆಸರುಗಳೇ ಮೂರೂವರೆ ಸಾವಿರದ ಮೇಲೆ. ತಮಾಷೆ ಏನು ಗೊತ್ತಾ? ಆ ಹೊತ್ತಿಗೆ ನಮ್ಮ ಆಸ್ಟ್ರೋಸ್ಯಾಟ್‌ಗೆ ಭೂಮಿಯೇ ಅಡ್ಡ ಬಂದಿತ್ತು, ಏನೂ ಕಾಣಲಿಲ್ಲ. ಕಾಣಲಿಲ್ಲ ಅಂದರೆ ಅದು ಭೂಮಿಯ ಮರೆಯಲ್ಲಿರುವ ಆಕಾಶದಲ್ಲೇ ಇದೆ ಅಂತಾಯಿತು. ಹುಡುಕುವ ಜಾಗ ಅಷ್ಟು ಚಿಕ್ಕದಾಯಿತು.

ಎಡಿಎಸ್‌ನಲ್ಲಿ ಮೆಟ್ರಿಕ್ಸ್ ಒತ್ತಿ, ನಾರ್ಮಲೈಸ್ಡ್ ಸೈಟೇಶನ್ ನೋಡಿ. ಒಂದೊಂದು ಪೇಪರ್‌ನ ಸೈಟೇಶನ್ ಅನ್ನು ಬರೆದವರ ಸಂಖ್ಯೆಯಿಂದ ಭಾಗಿಸಿ ಕೂಡಿಸಿರುತ್ತಾರೆ. ಈ ಪೇಪರ್‌ನಿಂದ ಅವಳ ಪಾಲಿಗೆ ಬರೋದು ಹೆಚ್ಚೂ ಕಡಿಮೆ ಒಂದು. ನಾಲ್ಕು ಜನ ಬರೆದು 120 ಸೈಟೇಶನ್ ಇರುವ ಪೇಪರ್ ಇದ್ದರೆ ಅದರಿಂದ 30. ಆಮೇಲೆ ಹೆಸರಿನ ಮುಂದೆ ^ ಹಾಕಿ ಹುಡುಕಿ. ಅವಳೇ ಮೊದಲ ಲೇಖಕಿ ಆಗಿರುವವು ಮಾತ್ರ ಬರುತ್ತವೆ. ಕೆಲಸಕ್ಕೆ ತೆಗೆದುಕೊಳ್ಳುವವರು ಮೊದಲು ನೋಡೋದು ಅದನ್ನೇ.

ಮಡಿಕೇರಿ ಮೇಷ್ಟ್ರು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ಬೆಂಗಳೂರಿನ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅದನ್ನು ಕಟ್ಟಿ ಬೆಳೆಸಿದವರು ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ. 1970ರಲ್ಲೇ ಅವರು ಲೆಕ್ಕ ಹಾಕಿ ತೋರಿಸಿದ್ದರು, ಕಪ್ಪು ಕುಳಿಯನ್ನು ಕದಲಿಸಿದರೆ ಗಂಟೆ ಹೊಡೆದ ಹಾಗೆ ಮಿಡಿದು ಅಡಗುತ್ತೆ ಅಂತ. ಹಾಗೆ ಮಿಡಿಯುವಾಗ ಹೊರಡುವ ಗುರುತ್ವ ಅಲೆ ಹಿಡಿಯುವ ಯಂತ್ರ ಆ ಕಾಲದಲ್ಲಿ ಎಲ್ಲಿತ್ತು? 2015ರ ಸೆಪ್ಟೆಂಬರ್ 14ಕ್ಕೆ ಮೊದಲ ಅಲೆ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರಿಗೆ 77 ವರ್ಷ. ಮುಂದಿನ ಜನವರಿಯಲ್ಲಿ ತೀರಿಕೊಂಡರು. 1975ರಲ್ಲೋ 80ರಲ್ಲೋ ಯಾರಾದರೂ ಸೈಟೇಶನ್ ಎಣಿಸಿ ಆ ಕೆಲಸಕ್ಕೆ ಮಾರ್ಕ್ಸ್ ಹಾಕಿದ್ದರೆ ಎಷ್ಟು ಹಾಕುತ್ತಿದ್ದರೋ!

ರೊಬಸ್ಟಾ ಅಪ್ಪ:

ನಿನ್ನೆ ರಾತ್ರಿ ಕೂತು ಎಲ್ಲ ನೋಡಿದೆ. ಎರಡೂ ಹೆಸರು ಹಾಕಿದರೆ 40 ಬಂತು. ಉಳಿದ ಒಂದು ಯಾವುದೋ ಸಮ್ಮೇಳನದಲ್ಲಿ ಹಂಚಿದ ಹಾಳೆಯಂತೆ, ಗೂಗಲ್ ಅದನ್ನೂ ಎಣಿಸಿದೆ. ತಾಳೆ ಆಯಿತು. ನಾರ್ಮಲೈಸ್ಡ್ 236. ಮೊದಲ ಹೆಸರಿನವು ಏಳು.

ಈಗ ಅರ್ಥ ಆಯಿತು. ಇದು ನಮ್ಮ ಔಟ್‌ಟರ್ನ್ ಥರ. ಚೆರಿ ಮೂಟೆ ಎಷ್ಟಾದರೂ ಪೇರಿಸಬಹುದು. 50 ಕೆಜಿ ಮೂಟೆಗೆ ಬೀಜ 26 ಕೆಜಿ ಬಂತೋ 23 ಬಂತೋ ಅಂತ ನೋಡಿಯೇ ವ್ಯಾಪಾರಿ ರೇಟ್ ಹೇಳೋದು. ಮಗಳಿಗೆ ಹೀಗೇ ಹೇಳಿದೆ. ನಕ್ಕಳು. ಆರ್ಕಿಡ್ ನಂಬರ್ ಇದೆಯಂತೆ, ಹಳೇ ಪೇಪರ್ ಜೋಡಿಸಿಲ್ಲವಂತೆ. ಭಾನುವಾರ ಮಾಡ್ತಾಳಂತೆ.

ಒಂದು ಉಳಿಯಿತು. ತಮ್ಮನ ಮಗ ಮತ್ತೆ ಕೇಳಿದರೆ ಏನು ಹೇಳಲಿ?

ಹಾರಂಗಿ ಹುಡುಗಿ:

31ರಲ್ಲಿ ಎಷ್ಟು ಪೇಪರ್‌ಗೆ ಅವನದೇ ಮೊದಲ ಹೆಸರು ಅಂತ ಕೇಳಿ ಅಂಕಲ್.

ರೊಬಸ್ಟಾ ಅಪ್ಪ:

ಕೈಲ್ ಮುಹೂರ್ತಕ್ಕೆ ಬರ್ತಾನೆ. ಕೇಳ್ತೀನಿ.