ಪದಚರ್ಚೆ: ‘ಗಾಡಿ ಎಬ್ಬಿಸು’ – ರಿಸ್ಟೋರ್‌ಗೆ ಇದೇ ಸಾಕಲ್ಲವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮೊನ್ನೆ ಹಳೇ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿ, ಕೆಳಗೆ ‘ಅಪ್ಪನ ಪಿಕಪ್ಪಿನ ನವೀಕರಣ ಮುಗೀತಾ ಬಂತು’ ಎಂದು ಬರೆದೆ. ಐದು ನಿಮಿಷಕ್ಕೆ ಒಬ್ಬ ಕೇಳಿದ, ‘ಎಷ್ಟು ವರ್ಷಕ್ಕೆ ಕೊಟ್ರು?’ ಇನ್ನೊಬ್ಬ, ‘ಬ್ರೋಕರ್ ಎಷ್ಟು ತಗೊಂಡ?’ ಎಂಟು ತಿಂಗಳು ಮನೆಯ ಕೊಟ್ಟಿಗೆಯಲ್ಲಿ ಕೂತು ನಾನು ತುಕ್ಕು ಕೆರೆದದ್ದು ಅವರ ಪಾಲಿಗೆ ಆರ್‌ಟಿಓ ಕಚೇರಿಯ ಒಂದು ಕಾಗದವಾಗಿತ್ತು. ಅವರದೇನೂ ತಪ್ಪಿಲ್ಲ. 15 ವರ್ಷ ದಾಟಿದ ಬಿಳಿ ಬೋರ್ಡಿನ, ಅಂದರೆ ಸ್ವಂತ ಬಳಕೆಯ, ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಗಾಡಿಯ ಪಕ್ಕ ಆ ಪದ ಬಂದರೆ ಯಾರಿಗಾದರೂ ಅದೇ ನೆನಪಾಗುತ್ತದೆ.

ಹಾಗಾದರೆ ನಾನು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ಇಂಗ್ಲಿಷಿನವರು ರಿಸ್ಟೋರೇಶನ್ ಅನ್ನುತ್ತಾರೆ. ಹಳೆಯದನ್ನು ಮೊದಲಿದ್ದ ಹಾಗೆ ಮಾಡುವುದು ಅದು. ಮೇಲೊಂದಿಷ್ಟು ಹೊಸ ಕಾಲದ ಸಾಮಾನು ಸೇರಿಸಿದರೆ ಅಪ್‌ಗ್ರೇಡ್. ನಾನು ಎರಡನ್ನೂ ಮಾಡಿದ್ದೇನೆ, ಎರಡಕ್ಕೂ ಪದ ಹುಡುಕುತ್ತಿದ್ದೇನೆ.

ಗಾಡಿಯ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. 1989ರ ಮಹೀಂದ್ರ. ಮುಂದೆ ಜೀಪಿನ ಮುಖ, ಹಿಂದೆ ತೆರೆದ ಬಾಡಿ. ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ ಕಾಫಿ ಮೂಟೆ, ಗೊಬ್ಬರ, ಮೆಣಸು, ಒಂದು ರಾತ್ರಿ ಹೆರಿಗೆ ನೋವಿನ ಚಿಕ್ಕಮ್ಮ, ಎಲ್ಲವನ್ನೂ ಹೊತ್ತದ್ದು ಇದೇ. ಒಳಗಿರುವುದು ಪ್ಯೂಜೋ ಕಂಪನಿಯ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಇಂಜಿನ್. ಹೆಸರಿನಲ್ಲೇ ಅಳತೆ ಇದೆ: ನಾಲ್ಕು ಸಿಲಿಂಡರು, ಒಂದೊಂದರ ಬೋರು, ಅಂದರೆ ಒಳಗಿನ ಅಗಲ, 90 ಮಿ.ಮೀ. ಸ್ಟ್ರೋಕು, ಅಂದರೆ ಪಿಸ್ಟನ್ ಓಡುವ ದೂರ, 83, ಒಟ್ಟು 2112 ಸಿಸಿ. ನಮ್ಮ ಮೆಕ್ಯಾನಿಕ್ ಇದನ್ನು ‘ಪೂಜೋ ಇಂಜಿನ್’ ಅನ್ನುತ್ತಾನೆ, ಅಮ್ಮನಿಗೆ ಅದು ‘ಪೂಜೆ ಇಂಜಿನ್’ ಎಂದು ಕೇಳಿಸುತ್ತದೆ. ಚಳಿಗಾಲದ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗೆ ಬಿಸಿಯಾಗಲೆಂದು ಹೀಟರ್ ಒತ್ತಿಹಿಡಿದು, ಅಪ್ಪ ಕಣ್ಣು ಮುಚ್ಚಿ ಕೂರುತ್ತಿದ್ದುದನ್ನು ನೋಡಿದವರಿಗೆ ಅಮ್ಮನ ಉಚ್ಚಾರವೇ ಸರಿ ಅನ್ನಿಸೀತು.

‘ಪಿಕಪ್’ ಎಂಬ ಪದವೂ ತಮಾಷೆಯದು. ನಮ್ಮಲ್ಲಿ ಅದು ಗಾಡಿಯ ಜಾತಿಯೂ ಹೌದು, ವೇಗ ಹಿಡಿಯುವ ಶಕ್ತಿಯೂ ಹೌದು. ‘ಈ ಪಿಕಪ್ಪಿಗೆ ಪಿಕಪ್ಪೇ ಇಲ್ಲ ಕಣೋ’ ಎಂದು ಚಿಕ್ಕಪ್ಪ ಶಿರಾಡಿ ಘಾಟಿ ಹತ್ತುವಾಗಲೆಲ್ಲ ಹೇಳುತ್ತಿದ್ದರು. ಕೇಳಿದವರಲ್ಲಿ ಯಾರಿಗೂ ಗೊಂದಲ ಆದದ್ದಿಲ್ಲ.

ಈಗ ನನ್ನ ಮುಂದಿದ್ದ ಪದಗಳನ್ನು ನೋಡೋಣ. ‘ರಿಪೇರಿ’ ಸಾಲದು. ಪಂಕ್ಚರ್ ಹಾಕಿಸಿದರೂ ರಿಪೇರಿಯೇ. ‘ದುರಸ್ತಿ’ ಮೂಲದಲ್ಲಿ ಒಳ್ಳೆಯ ಪದ. ಪಾರಸಿಯ ದುರುಸ್ತ್ ಎಂದರೆ ಸರಿಯಾಗಿರುವುದು, ನೆಟ್ಟಗಿರುವುದು. ಆದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ಕಂದಾಯ ಇಲಾಖೆ ಎತ್ತಿಕೊಂಡು ಹೋಗಿದೆ. ತೋಟದವರ ಮುಂದೆ ದುರಸ್ತಿ ಅಂದು ನೋಡಿ, ‘ಪೋಡಿ ದುರಸ್ತಿಯಾ? ಸರ್ವೆಯವರು ಬಂದಿದ್ರಾ?’ ಅನ್ನುತ್ತಾರೆ, ಜಮೀನು ಅಳೆದು ಪಾಲು ಬೇರೆ ಮಾಡುವ ಕೆಲಸ ಅದು. ‘ಪುನಶ್ಚೇತನ’ ಕೆರೆಗಳಿಗೆ ಮತ್ತು ನಷ್ಟದಲ್ಲಿರುವ ಕಾರ್ಖಾನೆಗಳಿಗೆ ಮೀಸಲು. ಮೊಬೈಲಿನವರು ‘ಮರುಸ್ಥಾಪಿಸಿ’ ಅನ್ನುತ್ತಾರೆ. ಅದು ಅಳಿಸಿಹೋದ ಫೋಟೋಗಳಿಗೆ ಸರಿ, ಗೇರ್‌ಬಾಕ್ಸಿಗಲ್ಲ.

ಉಳಿದದ್ದು ‘ಜೀರ್ಣೋದ್ಧಾರ’. ಇದರ ಮೇಲೆ ನನಗೆ ನಿಜವಾಗಿ ಆಸೆ ಹುಟ್ಟಿತು. ಕಾರಣ, ಶಾಸನಗಳಲ್ಲಿ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು. ದೇವಸ್ಥಾನಕ್ಕೆ ಭೂಮಿ ಬಿಟ್ಟುಕೊಡುವಾಗ, ದೇವರ ಅಂಗಭೋಗ ರಂಗಭೋಗಗಳ (ಪೂಜೆ, ಅಲಂಕಾರ, ಹಾಡು, ಕುಣಿತಗಳ) ಜೊತೆಗೆ ಇದಕ್ಕೂ ಇರಲಿ ಎಂದು ಬರೆಸುತ್ತಿದ್ದರು. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರಿದದ್ದು, ಜೀರ್ಣ ಎಂದರೆ ಸವೆದು ಹಳತಾದದ್ದು. ಹಾಳಾಗುವುದರಲ್ಲಿ ಮೂರು ಬಗೆ ಇದೆ ಎಂದು ನಮ್ಮ ಹಳಬರು ಲೆಕ್ಕ ಇಟ್ಟಿದ್ದರು!

ಇದನ್ನು ಕೊಟ್ಟಿಗೆಗೆ ತೆಗೆದುಕೊಂಡು ಹೋಗಿ ನೋಡಿದೆ. ಹಿಂದಿನ ಎಡಗಡೆಯ ಕಮಾನ್ (ಗಾಡಿಯ ಭಾರ ಹೊರುವ ಸ್ಪ್ರಿಂಗ್) ಪಟ್ಟಿಗಳಲ್ಲಿ ಮೇಲಿನಿಂದ ಮೂರನೆಯದು ತುಂಡಾಗಿತ್ತು. ಖಂಡ. ಸಿಲಿಂಡರ್ ಹೆಡ್ ಬಿಚ್ಚಿ ಹಾಸನದ ಲೇತ್ ಅಂಗಡಿಗೆ ಒಯ್ದಾಗ ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಸ್ಫುಟಿತ. ಜೀರ್ಣದ ವಿಷಯಕ್ಕೆ ಬಂದರೆ, ಬಾಡಿಯ ನೆಲ. ಪೊಟ್ಯಾಷ್ ಗೊಬ್ಬರದ ಚೀಲ ಒಡೆದು ಚೆಲ್ಲಿದ್ದು ಮೂವತ್ತು ವರ್ಷ ಮೂಲೆಗಳಲ್ಲಿ ಸೇರಿಕೊಂಡು, ಮಲೆನಾಡಿನ ಮಳೆಗಾಲದ ತೇವ ಎಳೆದುಕೊಂಡು, ತಗಡನ್ನು ಕೆಳಗಿನಿಂದ ತಿಂದಿತ್ತು. ಅದೂ ಒಂದು ಉಪ್ಪೇ ತಾನೆ. ಮೇಲಿನಿಂದ ನೋಡಿದರೆ ಹಸಿರು ಬಣ್ಣ ನೆಟ್ಟಗಿದೆ. ಸ್ಕ್ರೂಡ್ರೈವರ್ ತುದಿಯಿಂದ ಸುಮ್ಮನೆ ಒತ್ತಿದೆ, ಹಪ್ಪಳ ಮುರಿದ ಸದ್ದಾಗಿ ಹಿಡಿಯ ತನಕ ಒಳಕ್ಕೆ ಹೋಯಿತು. ತಿಂದು ಅರಗಿಸಿಕೊಳ್ಳುವುದನ್ನೂ ನಾವು ಜೀರ್ಣ ಎಂದೇ ಅನ್ನುತ್ತೇವಲ್ಲ, ತುಕ್ಕು ಆ ತಗಡನ್ನು ಎರಡರ್ಥದಲ್ಲೂ ಜೀರ್ಣ ಮಾಡಿತ್ತು.

ಇಷ್ಟು ಚೆನ್ನಾಗಿ ಹೊಂದಿದರೂ ‘ಪಿಕಪ್ಪಿನ ಜೀರ್ಣೋದ್ಧಾರ’ ಅಂದರೆ ಜನ ನಗುತ್ತಾರೆ. ಒಂದು, ಆ ಪದಕ್ಕೆ ಕಲಶ, ಕುಂಭಾಭಿಷೇಕ, ರಸೀದಿ ಪುಸ್ತಕ ಎಲ್ಲ ಅಂಟಿಕೊಂಡಿವೆ. ಅದು ಸ್ಥಿರಾಸ್ತಿಯ ಪದ, ಚರಾಸ್ತಿಗೆ ಒಗ್ಗದು. ಎರಡು, ಬರೀ ‘ಉದ್ಧಾರ’ವನ್ನು ನಾವು ಬೈಗುಳ ಮಾಡಿಟ್ಟುಕೊಂಡಿದ್ದೇವೆ. ಮೊದಲ ದಿನ ಇಂಜಿನ್ ಇಳಿಸಿದಾಗ ಅಪ್ಪ ಜಗಲಿಯಿಂದಲೇ ‘ಉದ್ಧಾರ ಆಯ್ತು’ ಎಂದು ಒಳಗೆ ಹೋದರು. ಅದರಲ್ಲಿ ಶಾಸನದ ಅರ್ಥ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅಮ್ಮನಿಂದ. ಒಂದು ಸಂಜೆ ಕಾಫಿ ತಂದಿಟ್ಟು ಕೇಳಿದರು: ‘ಏನಪ್ಪಾ, ಎದ್ದೇಳುತ್ತಾ ಅದು?’

ಗಾಡಿ ಕೆಟ್ಟು ನಿಂತರೆ ನಾವು ‘ಮಲಗಿಬಿಡ್ತು’ ಅನ್ನುತ್ತೇವೆ. ‘ದೋಣಿಗಲ್ ಹತ್ರ ಲಾರಿ ಮಲಗಿದೆ’ ಅಂದರೆ ಪಲ್ಟಿ ಹೊಡೆದಿದೆ ಎಂದಲ್ಲ, ಮುಂದಕ್ಕೆ ಹೋಗುತ್ತಿಲ್ಲ ಎಂದು. ಮಲಗಿದ್ದನ್ನು ಏನು ಮಾಡಬೇಕು? ಎಬ್ಬಿಸಬೇಕು. ಗ್ಯಾರೇಜಿನವರೂ ಹಾಗೇ ಮಾತಾಡುತ್ತಾರೆ: ‘ಎಂಟು ವರ್ಷದಿಂದ ಮಲಗಿದ್ದ ಗಾಡಿ ಸಾರ್, ಎಬ್ಬಿಸಿ ನಿಲ್ಲಿಸಿದ್ವಿ.’ ಇನ್ನು ಉದ್ಧಾರದ ಮೂಲಾರ್ಥ ಬಿಡಿಸಿ ನೋಡಿ. ಮೇಲಕ್ಕೆ ಎತ್ತುವುದು, ಅಷ್ಟೇ. ಶಾಸನದವರು ಸಂಸ್ಕೃತದಲ್ಲಿ ಹೇಳಿದ್ದನ್ನೇ ಅಮ್ಮ ಕಾಫಿ ಲೋಟ ಇಡುತ್ತಾ ಕನ್ನಡದಲ್ಲಿ ಕೇಳಿದ್ದರು. ಹಾಗಾಗಿ ರಿಸ್ಟೋರ್‌ಗೆ ನನ್ನ ಓಟು ‘ಎಬ್ಬಿಸು’ವಿಗೆ. ‘ಹಳೇ ಜಾವಾ ಬೈಕ್ ಎಬ್ಬಿಸಿದೆ’, ‘ಅಜ್ಜನ ರೇಡಿಯೋ ಎಬ್ಬಿಸಬೇಕು’ – ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಬಾಡಿಯ ಮಟ್ಟಿಗೆ ಮಾತ್ರ ಬೇರೆ ಕ್ರಿಯಾಪದ ಇದೆ, ಅದು ಈಗಾಗಲೇ ಗಟ್ಟಿಯಾಗಿ ನಿಂತಿದೆ: ‘ಕಟ್ಟು’. ಬಸ್ಸಿನ ಬಾಡಿ ಕಟ್ಟುತ್ತಾರೆ, ಲಾರಿಯ ಬಾಡಿ ಕಟ್ಟಿಸುತ್ತಾರೆ. ಟಿಂಕರಿಂಗ್ ಮಾಡುವ ಭಾಯಿ ನಮ್ಮ ಗಾಡಿಯ ನೆಲ ನೋಡಿದ ತಕ್ಷಣ ‘ಇದು ರಿಪೇರಿ ಆಗೋ ಕೇಸಲ್ಲ, ಹೊಸದಾಗಿ ಕಟ್ಟಬೇಕು’ ಅಂದರು. 18 ಗೇಜಿನ ತಗಡು ತಂದು ಕತ್ತರಿಸಿ, ಹಳೆಯ ಅಂಚುಗಳಿಗೆ ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಹೊಡೆದು ಕಟ್ಟಿದ್ದಾಯಿತು. ಅಂದಹಾಗೆ ಈ ‘ಟಿಂಕರಿಂಗ್’ ಕೂಡ ಗಮನಿಸುವಂಥ ಪದ. ಇಂಗ್ಲಿಷಿನಲ್ಲಿ ಟಿಂಕರ್ ಎಂದರೆ ಊರೂರು ಅಲೆದು ಪಾತ್ರೆಗಳ ತೂತು ಮುಚ್ಚಿಕೊಡುತ್ತಿದ್ದವನು. ಈಗ ಅಲ್ಲಿ ಆ ಕ್ರಿಯಾಪದ ‘ಸುಮ್ಮನೆ ಅದನ್ನೂ ಇದನ್ನೂ ಕೆದಕುತ್ತಾ ಕೂರುವುದು’ ಎಂಬರ್ಥಕ್ಕೆ ಜಾರಿದೆ. ನಮ್ಮ ಶೆಡ್ಡುಗಳ ಬೋರ್ಡಿನ ಮೇಲೆ ಮಾತ್ರ ಅದಿನ್ನೂ ಸುತ್ತಿಗೆ ಹಿಡಿದು ತಗಡು ಬಡಿಯುತ್ತಿದೆ. ಅಂಥ ಕಡೆ ಅಚ್ಚಗನ್ನಡ ಪದ ಟಂಕಿಸಲು ಹೋಗುವುದು ವ್ಯರ್ಥ ಶ್ರಮ ಎಂದು ನನ್ನ ಅಭಿಪ್ರಾಯ. ಬೈಯುವವರು ಬೈಯಬಹುದು.

ಅಪ್‌ಗ್ರೇಡಿಗೆ ಬರೋಣ. ಪತ್ರಿಕೆಗಳ ಪದ ‘ಮೇಲ್ದರ್ಜೆಗೇರಿಸು’. ‘ಪಿಕಪ್ಪಿನ ಬ್ರೇಕುಗಳನ್ನು ಮೇಲ್ದರ್ಜೆಗೇರಿಸಲಾಯಿತು’ ಎಂದು ಬರೆದು ನೋಡಿದೆ. ಶಾಸಕರು ಟೇಪು ಕತ್ತರಿಸಲು ಬಂದ ಹಾಗಾಯಿತು. ತಾಲ್ಲೂಕು ಆಸ್ಪತ್ರೆಗೆ ಬಿಟ್ಟುಬಿಡೋಣ ಅದನ್ನು. ಗ್ಯಾರೇಜಿನಲ್ಲಿ ಕೇಳಿಸುವ ಪದ ‘ಕೂರಿಸು’. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂರಿಸಿದೆವು, ಬ್ರೇಕಿಗೆ ಬೂಸ್ಟರ್ ಕೂರಿಸಿದೆವು, ನಾಲ್ಕು ಗೇರಿನ ಡಬ್ಬ ತೆಗೆದು ಐದರದು ಕೂರಿಸಿದೆವು. ‘ಹಾಕು’ವಿಗೂ ಇದಕ್ಕೂ ವ್ಯತ್ಯಾಸ ಇದೆ. ಇದ್ದ ಜಾಗಕ್ಕೆ ಅದೇ ಸಾಮಾನು ಬಂದರೆ ಹಾಕುತ್ತಾರೆ: ಹೊಸ ಫಿಲ್ಟರ್ ಹಾಕಿದೆ, ಬೆಲ್ಟ್ ಹಾಕಿದೆ. ಆ ಗಾಡಿಯದಲ್ಲದ್ದನ್ನು ಬ್ರಾಕೆಟ್ ಕೊಯ್ದು, ತೂತು ಕೊರೆದು, ನಾಲ್ಕು ಸಲ ಇಳಿಸಿ ಏರಿಸಿ ಹೊಂದಿಸಿದರೆ ಅದು ಕೂರಿಸುವುದು. ಗೇರ್‌ಬಾಕ್ಸ್ ಕೊನೆಗೆ ಅದನ್ನು ಇಂಜಿನ್ನಿಗೆ ಜೋಡಿಸುವ ಬೆಲ್ ಹೌಸಿಂಗಿಗೆ ಸರಿಯಾಗಿ ಹೊಂದಿದಾಗ ಹುಡುಗ ಕೆಳಗಿನಿಂದ ಕೂಗಿದ್ದೂ ‘ಕೂತ್ಕೊಂತು!’ ಎಂದೇ. ಗಣಪತಿ ಕೂರಿಸುವುದು, ಗೊಂಬೆ ಕೂರಿಸುವುದು – ಅದೇ ಪದ, ಹೊರಗಿನಿಂದ ತಂದದ್ದಕ್ಕೆ ಮನೆಯಲ್ಲಿ ಜಾಗ ಮಾಡಿಕೊಡುವುದು. ಕೂರಿಸಿ ಕೂರಿಸಿಯೇ ಎಬ್ಬಿಸಬೇಕು ಎಂಬುದು ಕೇಳಲು ವಿಚಿತ್ರವಾದರೂ ಕೆಲಸ ಮಾಡಿದವರಿಗೆ ಗೊತ್ತು.

ಈ ಎರಡರ ನಡುವಿನ ಗೆರೆ ಬರೀ ಪದಪ್ರಿಯರ ತಲೆನೋವಲ್ಲ, ಕಾನೂನಿನಲ್ಲೂ ಇದೆ. 2021ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ನೋಂದಣಿ ಸೇರಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥವಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ. ಆಮೇಲೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ನಮ್ಮ ಗಾಡಿಗೆ ಇನ್ನೂ ಆ ವಯಸ್ಸಾಗಿಲ್ಲ, ಆದರೂ ನಿಯಮ ಓದುವಾಗ ಅನ್ನಿಸಿತು: ಎಬ್ಬಿಸಿದ್ದು ಒಂದು ಜಾತಿ, ಕೂರಿಸಿದ್ದು ಇನ್ನೊಂದು ಎಂದು ಸರ್ಕಾರವೂ ಬಗೆಹರಿಸಿದೆ, ಕನ್ನಡದಲ್ಲಿ ಹೇಳಿಲ್ಲ ಅಷ್ಟೆ. ಇಂಜಿನ್ನೇ ಬದಲಿಸುವುದಾದರೆ ಆರ್‌ಟಿಓ ಒಪ್ಪಿಗೆ ಮೊದಲೇ ಬೇಕು. ನಾವು ಆ ಗೋಜಿಗೆ ಹೋಗದೆ ಹೊಸ ಹೆಡ್, ಲೈನರ್, ಪಿಸ್ಟನ್ ಹಾಕಿ ಪೂಜೆ ಇಂಜಿನ್ನನ್ನೇ ಉಳಿಸಿಕೊಂಡೆವು. ಗಮನಿಸಿ, ಇಲ್ಲಿ ‘ಹಾಕಿ’.

ವ್ಯಾಕರಣದ ಒಂದು ಸಂಗತಿ. ಯಾರಿಗೆ ಗಾಡಿ ತೋರಿಸಿದರೂ ಮೊದಲ ಪ್ರಶ್ನೆ ‘ಎಲ್ಲಿ ಮಾಡಿಸಿದ್ರಿ?’ ‘ನಾನೇ ಮಾಡಿದೆ’ ಅಂದರೆ, ‘ಅದೇ, ಯಾರ ಹತ್ರ ಮಾಡಿಸಿದ್ರಿ ಅಂತ’ ಅನ್ನುತ್ತಾರೆ. ಓದಿ ಕೆಲಸದಲ್ಲಿರುವವನ ಗಾಡಿಗೆ, ಬೇರೆಯವರಿಂದ ಮಾಡಿಸಿದ್ದನ್ನು ಸೂಚಿಸುವ ‘-ಇಸು’ ಪ್ರತ್ಯಯ ತಾನಾಗೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ನಾನು ರಿಸ್ಟೋರ್ ಮಾಡಿದೆ’ ಎಂದು ಬಿಲ್ಲು ಕಟ್ಟಿದವನೂ ಸಲೀಸಾಗಿ ಹೇಳಿಕೊಳ್ಳಬಹುದು. ಕನ್ನಡ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಪಾನಾ ಯಾರ ಕೈಯಲ್ಲಿತ್ತು ಎಂದು ಕೇಳುತ್ತದೆ. ಪ್ರಾಮಾಣಿಕವಾಗಿ ನನ್ನ ಲೆಕ್ಕ ಇದು: ತುಕ್ಕು ಕೆರೆದದ್ದು, ವೈರಿಂಗ್, ಬ್ರೇಕು, ಬಣ್ಣ – ಮಾಡಿದೆ. ಹೆಡ್ಡಿನ ಕೆಲಸ, ಬಾಡಿ – ಮಾಡಿಸಿದೆ. ‘ಎಬ್ಬಿಸು’ ಇಲ್ಲೂ ಚೆಂದ. ಅದರಲ್ಲಿ ‘-ಇಸು’ ಇದ್ದರೂ ಬೇರೆಯವರ ಕೈ ಕಾಣುವುದಿಲ್ಲ. ಏಳಬೇಕಾದದ್ದು ಗಾಡಿ, ನಾವು ಎಬ್ಬಿಸಿದವರು ಮಾತ್ರ.

ಇನ್ನೊಂದು ಪದಕ್ಕೆ ನನಗೆ ನಿಮ್ಮ ನೆರವು ಬೇಕೇ ಬೇಕು. ಹಳೇ ಗಾಡಿಯವರಲ್ಲಿ ಕೆಲವರು ಬಣ್ಣ ಬಳಿಯದೆ, ಮಾಸಿದ ಮೈಯನ್ನು ಹಾಗೇ ಕಾಪಾಡುತ್ತಾರೆ. ಪ್ಯಾಟಿನಾ ಅನ್ನುತ್ತಾರೆ ಅದನ್ನು. ನಮ್ಮಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎಂಬ ಭೇದ ಇದೆ, ಆದರೆ ಎರಡೂ ತಿಕ್ಕಿ ತೆಗೆಯಬೇಕಾದ ಕೊಳೆ. ಉಳಿಸಿಕೊಳ್ಳಬೇಕಾದ ಹಳಮೆಗೆ ಏನನ್ನುತ್ತೀರಿ? ಬಾಗಿಲ ಒಳಗಡೆ ಅಪ್ಪನ ಮೊಣಕೈ ತಾಗಿ ತಾಗಿ ಹಸಿರು ಹೋಗಿ, ಅದರ ಕೆಳಗಿನ ಬೂದು ಹೋಗಿ, ತಗಡು ನುಣ್ಣಗೆ ಹೊಳೆಯುವ ಒಂದು ಅಂಗೈಯಗಲ ಜಾಗ ಇದೆ. ಅದಕ್ಕೆ ನಾನು ಬಣ್ಣ ಹೊಡೆಯಲಿಲ್ಲ. ‘ಸವೆತ’ ಅಂದರೆ ನಷ್ಟ ಅನ್ನಿಸುತ್ತದೆ. ‘ಪಳಗು’ ಎಂಬುದರಿಂದ ಏನಾದರೂ ಹೊರಡಿಸಬಹುದೇ?

ಕಡೆಯದಾಗಿ, ಬಾಡಿಯ ಹಿಂಬದಿಯಲ್ಲಿ ಕೆಳಕ್ಕೆ ಮಡಚುವ ಬಾಗಿಲಿಗೆ ನಿಮ್ಮ ಕಡೆ ಏನು ಹೆಸರು? ಭಾಯಿ ‘ಡಾಲಾ’ ಅನ್ನುತ್ತಾರೆ, ಅಪ್ಪನಿಗೆ ಅದು ‘ಹಿಂದಿನ ಹಲಗೆ’, ಮೂಟೆ ಏರಿಸುವ ಹುಡುಗರು ‘ಡೋರು’ ಎಂದು ಮುಗಿಸುತ್ತಾರೆ. ಉತ್ತರ ಕರ್ನಾಟಕ, ಕರಾವಳಿಯವರು ದಯವಿಟ್ಟು ತಿಳಿಸಿ. ಅದರ ಸರಪಳಿಯೊಂದು ಬಾಕಿ ಇದೆ, ಭಾನುವಾರ ಹಾಕುತ್ತೇನೆ.